ಮೊದಲ ಹಂತದ ಮಹಾಶೂರ

ಗೇಮ್ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ಹಟ್ಟಿ ಕ್ಯಾಂಪಿನಲ್ಲಿ ಇನ್ನೂ ಹುಟ್ಟಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆ ಹತ್ತಿ ಹಿಮದಲ್ಲಿ ನಡುಗಿದ್ದೇನೆ. ಗಾಡ್ ಆಫ್ ವಾರ್‌ನಲ್ಲಿ ಗಡ್ಡದ ಕ್ರೇಟೋಸ್ ಕೈಲಿ ಒಂದು ಮರ ಕಡಿಸಿದ್ದೇನೆ. ಆಮೇಲೇನಾಯಿತು ಅಂತ ಮಾತ್ರ ಕೇಳಬೇಡಿ. ಆ ಮರ ಯಾಕೆ ಬೇಕಿತ್ತು ಅನ್ನುವುದೂ ನನಗೆ ಗೊತ್ತಿರಲಿಲ್ಲ, ಪಿಯುಸಿ ಓದುವ ಮಗ ಹೇಳಬೇಕಾಯಿತು.

"ಅದು ಅವನ ಹೆಂಡ್ತಿ ಚಿತಿಗೆ, ಪಪ್ಪಾ."

ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ನನ್ನಾಕೆ "ಚಲೋ ಆಟ ಆರಿಸೀರಿ ಬಿಡ್ರಿ" ಅಂದು ಒಳಗೆ ಹೋದಳು. ಅವತ್ತು ರೊಟ್ಟಿ ಬಡಿದ ಸದ್ದು ಪಕ್ಕದ ಕ್ವಾರ್ಟರ್ಸಿಗೂ ಕೇಳಿಸಿತು.

ಹುಟ್ಟುತ್ತಲೇ ನಾನು ಹೀಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಟೀವಿಗೆ ಚುಚ್ಚುವ ಅಗ್ಗದ ವಿಡಿಯೋ ಗೇಮ್ ನಮ್ಮ ಮನೆಗೂ ಬಂತು. ಕ್ಯಾಸೆಟ್ ಮೇಲೆ '9999999 ಇನ್ 1' ಅಂತ ಬರೆದಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟ, ಅವೇ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಬೇರೆ ಗತಿಯಿಲ್ಲದೆ ಅವನ್ನೇ ಆಡಿದೆವು. ಸೂಪರ್ ಮಾರಿಯೋದಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ. ನಡುವೆ ಸೇವ್ ಮಾಡುವ ಮಾತೇ ಇಲ್ಲ, ಕರೆಂಟ್ ಹೋದರೆ ಮತ್ತೆ ಒಂದರಿಂದ. ಕಾಂಟ್ರಾ ಶುರುವಾಗುವ ಮುಂಚೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂರು ಜೀವದ ಬದಲು 30 ಜೀವ. ಹದಿಮೂರರ ಮಗ್ಗಿ ಬಾರದ ನನಗೆ ಇದು ನಿದ್ದೆಯಲ್ಲೂ ಬರುತ್ತಿತ್ತು. ಆ ಕಾಲದ ಕರೆಂಟನ್ನು ಎದುರು ಹಾಕಿಕೊಂಡು ಎರಡನ್ನೂ ಮುಗಿಸಿದ ವೀರ ನಾನು. ಈ ಮಾತನ್ನು ಮನೆಯಲ್ಲಿ ಈಗ ಯಾರೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಡಿಸ್ಕ್ ಕೊಳ್ಳುವ ಕಾಲದಲ್ಲೂ ನನ್ನ ಮಾನ ಅಷ್ಟಿಷ್ಟು ಉಳಿದಿತ್ತು. ದುಡ್ಡು ಎಣಿಸಿ ತಂದ ಆಟ ಹಿಡಿಸದಿದ್ದರೂ ಹಲ್ಲು ಕಚ್ಚಿಕೊಂಡು ಆಡುತ್ತಿದ್ದೆ. ದಿ ವಿಚರ್ 3ರ ಮುಖ್ಯ ಕಥೆಯೊಂದಕ್ಕೇ 50 ಗಂಟೆ ಬೇಕು. ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಭಾಗಿಸಿ ನೋಡಿ, ಇನ್ನೊಂದು ಗಂಟೆ ಆಡಿದರೆ ಇನ್ನೂ ಅಗ್ಗವಾಗುತ್ತದೆ ಅಂತ ಕೂತಲ್ಲೇ ಕೂತು ಅದನ್ನೂ ದಡ ಮುಟ್ಟಿಸಿದೆ. ಅಂದು ನಾನು ಆಟ ಮುಗಿಸುವಂತೆ ಮಾಡಿದ್ದು ಶೌರ್ಯವಲ್ಲ, ಜಿಪುಣತನ.

ಆಮೇಲೆ ಚಂದಾ ಬಂತು. ಮೈಕ್ರೋಸಾಫ್ಟ್ 2017ರಲ್ಲಿ ಗೇಮ್ ಪಾಸ್ ತಂದಿತು. ಸೋನಿ 2022ರಲ್ಲಿ ತನ್ನ ಪ್ಲೇಸ್ಟೇಷನ್ ಪ್ಲಸ್ಸಿಗೆ ನೂರಾರು ಆಟಗಳ ಕಪಾಟು ಜೋಡಿಸಿತು. ತಿಂಗಳಿಗಿಷ್ಟು ಕಟ್ಟು, ಬೇಕಾದ್ದು ಆಡು. ಹೊಸ ದೊಡ್ಡ ಆಟ ಒಂದಕ್ಕೇ ಐದು ಸಾವಿರದ ಹತ್ತಿರ ಕೊಡುವ ಬದಲು ಕೆಲವೇ ನೂರರಲ್ಲಿ ಇಡೀ ಅಂಗಡಿ! ಇದು ಖರ್ಚಲ್ಲ, ಉಳಿತಾಯ ಅಂತ ನನಗೆ ನಾನೇ ಭಾಷಣ ಮಾಡಿಕೊಂಡು ಒಂದಕ್ಕೆ ಸೇರಿದೆ. ಬ್ಯಾಂಕಿನ ಮೆಸೇಜು ಹೆಂಡತಿಯ ಮೊಬೈಲಿಗೆ ಹೋಗುತ್ತದೆ ಅನ್ನುವುದು ಉಳಿತಾಯದ ಉತ್ಸಾಹದಲ್ಲಿ ಮರೆತಿತ್ತು.

"ಏನ್ರೀ, ಇದು ಯಾತರ ರೊಕ್ಕ ಕಟ್ ಆಗೇತಿ?"

"ಚಂದಾ."

"ಯಾವ ಚಂದಾ?"

"ಗಣಪತೀದು."

"ಮಾರ್ಚ್ ತಿಂಗಳದಾಗ ಯಾವ ಗಣಪತಿ ಕುಂದರಸ್ತಾರ್ರೀ?"

ನಮ್ಮ ಮನೆಯಲ್ಲಿ ಊಟವಾದ ಮೇಲೆ, ಧಾರಾವಾಹಿಗಳೆಲ್ಲ ಅತ್ತು ಮುಗಿದ ನಂತರ ಟೀವಿ ಒಂದು ಗಂಟೆ ನನ್ನದು. ಚಂದಾ ಬಂದ ಮೇಲೆ ಆ ಗಂಟೆಯ ಮುಕ್ಕಾಲು ಪಾಲು ಯಾವುದನ್ನು ಆಡಲಿ ಅಂತ ಪಟ್ಟಿ ಜರುಗಿಸುವುದರಲ್ಲೇ ಹೋಗುತ್ತದೆ. ಉಳಿದ ಕಾಲು ಗಂಟೆ ಡೌನ್‌ಲೋಡ್ ಆಗುವುದನ್ನು ನೋಡುವುದು. ದೊಡ್ಡ ಆಟಗಳು ನೂರು ಜಿಬಿ ದಾಟುತ್ತವೆ. ಒಂದು ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದರೆ ಮಗನ ಆನ್‌ಲೈನ್ ಪರೀಕ್ಷೆ ತಿರುಗುತ್ತಾ ನಿಂತಿದೆ, ಮಗ ತಲೆ ಹಿಡಿದುಕೊಂಡಿದ್ದಾನೆ, ಹೆಂಡತಿ ನೆಟ್ ಕಂಪನಿಗೆ ಬೈಯುತ್ತಿದ್ದಾಳೆ. ನಾನೂ ಸೇರಿ ಬೈದೆ. ಬೈಯುತ್ತಲೇ ಹಿಂಬದಿಯಿಂದ ಕೈ ಹಾಕಿ ಗೇಮಿನ ಪೆಟ್ಟಿಗೆಯ ವೈರು ಕಿತ್ತೆ. ಪರೀಕ್ಷೆ ಮುಂದೆ ಸರಿಯಿತು, ಡೌನ್‌ಲೋಡ್ ಅಲ್ಲೇ ಸತ್ತಿತು.

ನನ್ನ ಪರಾಕ್ರಮದ ದಾಖಲೆಯನ್ನು ಗೇಮಿನ ಪೆಟ್ಟಿಗೆಯೇ ಇಟ್ಟುಕೊಂಡಿರುತ್ತದೆ. ಎಕ್ಸ್‌ಬಾಕ್ಸ್ 360ರವರು 2005ರಲ್ಲಿ ಆಟದ ಸಾಧನೆಗೆ ಅಂಕ ಕೊಡಲು ಶುರು ಮಾಡಿದರು, ಪ್ಲೇಸ್ಟೇಷನ್‌ನವರು 2008ರಲ್ಲಿ ಟ್ರೋಫಿ ಕೊಟ್ಟರು. ಯಾವ ಟ್ರೋಫಿ ಶೇಕಡ ಎಷ್ಟು ಜನರಿಗೆ ಸಿಕ್ಕಿದೆ ಅಂತಲೂ ತೋರಿಸುತ್ತಾರೆ. ಮೊದಲ ಹಂತದ ಟ್ರೋಫಿ ಹತ್ತಿರ ಜಾತ್ರೆ, ಕಥೆ ಮುಗಿಸಿದವರ ಟ್ರೋಫಿ ಹತ್ತಿರ ನೊಣ ಹೊಡೆಯುವ ಅಂಗಡಿ. ಮಗ ಒಮ್ಮೆ ನನ್ನ ಪುಟ ತೆರೆದು ಮನೆಮಂದಿಗೆಲ್ಲ ತೋರಿಸಿದ. ಸಾಲಾಗಿ ಕಂಚು, ಚಂದಾ ಬಂದ ಮೇಲಿನವೆಲ್ಲ ಮೊದಲ ಹಂತದವು.

ನಾನು ಹಿಂಜರಿಯಲಿಲ್ಲ. "ನೋಡ್ರಿ, ಚಂದಾ ಆಟದಾಗ ಹತ್ತು ನಿಮಿಷ ಇಣುಕಿದವರನ್ನೂ ಆಡಿದವರು ಅಂತ ಲೆಕ್ಕಕ್ಕೆ ಹಿಡೀತಾರ. ಅದಕ್ಕ ಮುಗಿಸಿದವರ ಪಾಲು ಕಡಿಮಿ ಕಾಣತೈತಿ. ರೊಕ್ಕ ಕೊಟ್ಟು ಕೊಂಡಾವ ಮೊದಲ ಆಸೆಪಟ್ಟು ಕೊಂಡಿರ್ತಾನ, ಹಂಗಾಗಿ ಮುಗಸ್ತಾನ. ಇದು ನನ್ನ ದೋಷ ಅಲ್ಲ, ಲೆಕ್ಕದ್ದು. ನಾನು ಬಹುಮತದ ಕಡೆ ಅದೀನಿ."

"ಕ್ಲಾಸಿಗೆ ಕ್ಲಾಸೇ ಫೇಲ್ ಆದ್ರ ನೀವು ಪಾಸ್ ಏನ್ರೀ?" ಅಂದಳು ನನ್ನಾಕೆ.

ಪಕ್ಕದ ಮನೆಯ ಅಣ್ಣನವರಿಗೆ ಹಟ್ಟಿಯ ಚಿನ್ನದ ಗಣಿಯೊಳಗೆ ಕೆಲಸ. 1947ರಲ್ಲಿ, ಹೈದರಾಬಾದ್ ಸಂಸ್ಥಾನ ಇದ್ದಾಗ ಶುರುವಾದ ಕಂಪನಿ, ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಚಿನ್ನ ತೆಗೆಯುತ್ತಲೇ ಇದೆ. ಒಂದು ಟನ್ ಅದಿರು ಎತ್ತಿ, ಪುಡಿ ಮಾಡಿ, ತೊಳೆದು, ಕರಗಿಸಿದರೆ ಸಿಗುವುದು ಕೆಲವೇ ಗ್ರಾಂ. ನನ್ನ ಚಂದಾ ಕಪಾಟೂ ಅಷ್ಟೇ ಅಂತ ಅವರ ಮುಂದೆ ಜಾಣತನ ತೋರಿಸಿದೆ. ಅವರು ಮಿರ್ಚಿ ಕಡಿದು, "ಗ್ರಾಂ ಆದರೂ ಬರತೈತಲ್ರೀ ನಮ್ದು" ಅಂದರು.

ಈ ಮನೆಯಲ್ಲಿ ಆಟವನ್ನು ಆಟದಂತೆ ಆಡುವವರು ಒಬ್ಬರೇ, ನಮ್ಮವ್ವ. ಕೊಂಡದ್ದಲ್ಲ, ಚಂದಾ ಅಲ್ಲ, ಬಿಟ್ಟಿ. ಕ್ಯಾಂಡಿ ಕ್ರಶ್. ಎಷ್ಟನೆಯ ಹಂತಕ್ಕೆ ಬಂದಿದ್ದಾಳೆ ಅಂತ ಕೇಳುವ ಧೈರ್ಯ ನನಗಿಲ್ಲ. ಅದರಲ್ಲಿ ಐದು ಜೀವ, ಸೋತರೆ ಒಂದು ಹೋಗುತ್ತದೆ, ಅರ್ಧ ಗಂಟೆಗೆ ಒಂದು ಮರಳಿ ಬರುತ್ತದೆ. ಅವಸರವಿದ್ದರೆ ಗೆಳೆಯರನ್ನು ಕೇಳಿ ತರಿಸಿಕೊಳ್ಳಬೇಕು. ಅವ್ವನಿಗೆ ಮೊಬೈಲಿನಲ್ಲಿ ಕೇಳುವುದು ಗೊತ್ತಾಗಲಿಲ್ಲ. ಮಸ್ಕಿಯಲ್ಲಿರುವ ನನ್ನ ಅಣ್ಣನ ಮಗಳಿಗೆ ಫೋನ್ ಮಾಡಿದಳು.

"ನಂದು ಜೀವ ಎಲ್ಲಾ ಮುಗದಾವವ್ವ. ಮನಿಯಾಗ ಯಾರೂ ಲಕ್ಷ್ಯ ಕೊಡವಲ್ರು. ನಿನ್ನ ಕಡೆ ಆದ್ರ ಏನರ ಮಾಡು."

ಸಂಜೆಯೊಳಗೆ ಅಣ್ಣನ ಮಗಳು, ಅಳಿಯ, ಎರಡು ಕೂಸು, ಒಂದು ಚೀಲ ಮೋಸಂಬಿ ಬಂದಿಳಿದವು. ಆಕೆ ಬಾಗಿಲಲ್ಲೇ ಅಳು ಶುರು ಮಾಡಿದಳು. ಅಳಿಯ ನನ್ನನ್ನು ಮೂಲೆಗೆ ಕರೆದು, "ಹೆತ್ತ ತಾಯಿನ ಹಿಂಗ ನೋಡ್ಕೋಬಾರದು, ಮಾವ" ಅಂದ. ಒಳಗೆ ಅವ್ವ ಮೋಸಂಬಿ ಸುಲಿಯುತ್ತಾ ಕೂಸುಗಳಿಗೆ ಮಿಠಾಯಿ ಒಡೆಯುವುದು ಹೇಗೆ ಅಂತ ಕಲಿಸುತ್ತಿದ್ದಳು. ಅವರು ಎರಡು ದಿನ ಇದ್ದು ಹೋದರು. ಟೀವಿಯ ಆ ಒಂದು ಗಂಟೆಯೂ ಹೋಯಿತು.

ಆ ಆಟ ಹತ್ತು ಸಾವಿರ ಹಂತ ದಾಟಿದೆ, ಹೊಸವು ಸೇರುತ್ತಲೇ ಇರುತ್ತವೆ, ಎಂದಿಗೂ ಮುಗಿಯುವುದಿಲ್ಲ ಅಂತ ಹೊಟ್ಟೆಕಿಚ್ಚಿಗೆ ನಾನೇ ಹೇಳಿದೆ. ಅವ್ವ ಕನ್ನಡಕ ಸರಿಮಾಡಿಕೊಂಡು "ಚಲೋ ಆತು ಬಿಡು, ನಾನ ಮೊದಲ ಮುಗಿತೀನಿ" ಅಂದಳು.

ಸ್ವಾಭಿಮಾನ ಕೆರಳಿತು. ಒಂದಾದರೂ ಮುಗಿಸಲೇಬೇಕು. ಚಂದಾ ಕಪಾಟಿನ ಆಟಗಳು ಕಾಯಂ ಅಲ್ಲ. ಗೇಮ್ ಪಾಸ್‌ನಲ್ಲಿ ತಿಂಗಳ ನಡುವೆ ಒಮ್ಮೆ, ಕೊನೆಗೊಮ್ಮೆ ಕೆಲವು ಹೊರಡುತ್ತವೆ, ಬೇರೆ ಕಡೆಯೂ ಇಂಥದ್ದೇ ಪದ್ಧತಿ. ನಾನು ಆರಿಸಿಕೊಂಡ ಆಟಕ್ಕೂ ಹೊರಡುವ ಚೀಟಿ ಅಂಟಿಕೊಂಡಿತು. ಗಡುವು ಕಂಡದ್ದೇ ಜಿಪುಣ ಎದ್ದು ಕೂತ. ಜ್ವರ ಅಂತ ಆಫೀಸಿಗೆ ರಜೆ ಹಾಕಿದೆ. ಅದನ್ನು ನಂಬಿದ ಹೆಂಡತಿ ಮೆಣಸಿನ ಕಷಾಯ ಕಾಸಿ ಎದುರಿಗೇ ನಿಂತು ಕುಡಿಸಿದಳು. ಕುಡಿದೆ, ಆಡಿದೆ, ಬೆವೆತೆ. ಬೆವರು ಕಂಡು ಜ್ವರ ಇಳಿಯುತ್ತಿದೆ ಅಂತ ಇನ್ನೊಂದು ಲೋಟ ತಂದಳು.

ಮಧ್ಯರಾತ್ರಿ ಹೊತ್ತಿಗೆ ಕೊನೆಯ ರಾಕ್ಷಸನ ಮುಂದೆ ನಿಂತಿದ್ದೆ. ಅವನ ರಕ್ತದ ಪಟ್ಟಿ ಕಾಲು ಭಾಗಕ್ಕಿಳಿದಿತ್ತು. ಕರೆಂಟ್ ಹೋಯಿತು.

ಬಂದಾಗ ತಾರೀಕು ಬದಲಾಗಿ ಆಟದ ಚಿತ್ರದ ಮೇಲೆ ಬೀಗ ಬಿದ್ದಿತ್ತು. ಸೇವ್ ಆದದ್ದು ಸೇವ್ ಆದ ಹಾಗೇ ಇದೆ, ಕೊಂಡರೆ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಪೂರ್ತಿ ಬೆಲೆ. ಕಷಾಯದ ಉರಿಯಲ್ಲಿ ಗುಂಡಿ ಒತ್ತಿಬಿಟ್ಟೆ. ಒಳಕೋಣೆಯಲ್ಲಿ ಹೆಂಡತಿಯ ಮೊಬೈಲು ಟಣ್ ಅಂದಿತು.

ಈಗ ಆ ಆಟ ನನ್ನ ಸ್ವಂತದ್ದು. ಯಾರೂ ಕಿತ್ತುಕೊಳ್ಳುವಂತಿಲ್ಲ, ಹಾಗಾಗಿ ಅವಸರವೂ ಇಲ್ಲ. ನಾಳೆ ಆಡಿದರಾಯಿತು ಅಂತ ಮಳೆಗಾಲ ಕಳೆಯಿತು, ನಿಜವಾದ ಗಣಪತಿಯೂ ಬಂದು ಹೋದ. ರಾಕ್ಷಸ ಹಾಗೇ ನಿಂತಿದ್ದಾನೆ.

"ಆಗ ಜ್ವರ ಅಂತ ಸುಳ್ಳು ಹೇಳಿ ಆಡಿದ್ರಿ. ಈಗ ಯಾಕ ಮುಟ್ಟವಲ್ರಿ?" ಅಂತ ಹೆಂಡತಿ ಕೇಳಿದಳು. ಸುಳ್ಳು ಯಾವಾಗ ಬಯಲಾಯಿತೋ ನನಗೆ ತಿಳಿಯದು.

"ಈಗ ಸ್ವಂತದ್ದೈತಲ್ಲ, ಎಲ್ಲಿ ಹೋಗತೈತಿ?" ಅಂದೆ.

"ಹೌದೌದು. ಮದಿವ್ಯಾಗೋ ಮುಂಚೆ ಲಿಂಗಸುಗೂರಿಗೆ ಬಸ್ ಹಿಡದು ವಾರಾ ವಾರಾ ಬರ್ತಿದ್ರಿ. ಆದ ಮ್ಯಾಲೆ ಒಂದ್ ಸಿನಿಮಾ ತೋರಿಸಿಲ್ಲ."

ಕಂಟ್ರೋಲರ್ ಹುಡುಕುವ ನೆಪ ಮಾಡಿ ದಿವಾನದ ಕೆಳಗೆ ತೂರಿದೆ. ಕಂಟ್ರೋಲರ್ ಇರಲಿಲ್ಲ. ಹೋದ ವರ್ಷದ ದೀಪಾವಳಿ ಬೋನಸ್ಸಿನಲ್ಲಿ ಕೊಂಡ ಡಿಸ್ಕೊಂದು ಇತ್ತು, ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ, ಬೆಲೆಯ ಚೀಟಿ ಬೇರೆ ಮೇಲ್ಮುಖವಾಗಿ ಕೂತಿತ್ತು.

"ಸಿಕ್ತೇನ್ರೀ?"

"ಇಲ್ಲಿಲ್ಲ," ಅಂದು ಅದನ್ನು ಇನ್ನಷ್ಟು ಗೋಡೆ ಕಡೆಗೆ ತಳ್ಳಿದೆ.