ಹಳೇ ಸಿ.ಡಿ.ಯ ಅಪ್‌ಡೇಟು

ಉಬುಂಟು ಲಿನಕ್ಸಿನ ಸಿ.ಡಿ. ಪುಕ್ಕಟೆಯಾಗಿ ಅಂಚೆಯಲ್ಲೇ ಮನೆಗೆ ಬರುತ್ತಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಕೆನಾನಿಕಲ್ ಕಂಪನಿಯವರು ಅಂಚೆಖರ್ಚನ್ನೂ ಕೇಳದೆ ದೇಶದೇಶಕ್ಕೆ ಕಳಿಸುತ್ತಿದ್ದರು. 2011ರಲ್ಲಿ ಆ ಧಾರಾಳ ನಿಂತಿತು. ಪುಕ್ಕಟೆ ಬಂದದ್ದನ್ನು ಎಸೆಯುವ ಜಾಯಮಾನ ನಮ್ಮದಲ್ಲವಲ್ಲ! 2008ರ ಏಪ್ರಿಲ್‌ನಲ್ಲಿ ಹೊರಬಂದ 8.04 ಆವೃತ್ತಿ ನಮ್ಮ ಮನೆಯ ಮದುವೆ, ಮುಂಜಿಗಳ ವಿಡಿಯೋ ಸಿ.ಡಿ.ಗಳ ನಡುವೆ ಕ್ಷೇಮವಾಗಿತ್ತು. ಹಳೇ ಲ್ಯಾಪ್‌ಟಾಪಿಗೆ ಅದನ್ನೇ ಹಾಕೋಣವೆಂದು ಹೊರತೆಗೆದೆ.

“ಅದ್ಯಾಕೆ ಮಾವ, ಹೊಸದನ್ನ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ” ಎಂದ ಅಕ್ಕನ ಮಗ. ಆದರೆ ಅಟ್ಟದಿಂದ ಇಳಿಸಿದ ಲ್ಯಾಪ್‌ಟಾಪ್ 32 ಬಿಟ್‌ನದು. ಅಂಥವಕ್ಕೆ ಡೆಸ್ಕ್‌ಟಾಪ್ ಸಿ.ಡಿ. ಸಿದ್ಧಪಡಿಸುವುದನ್ನು ಉಬುಂಟುವಿನವರು 2017ರಲ್ಲೇ ಬಿಟ್ಟರು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ 2025ರ 13ನೇ ಆವೃತ್ತಿಯಲ್ಲೂ ಅಂಥವಕ್ಕೆ ಇನ್‌ಸ್ಟಾಲರ್ ಇಲ್ಲ. ಹಳೇ ಗಂಡನ ಪಾದವೇ ಗತಿ!

ಇನ್‌ಸ್ಟಾಲೇಶನ್ನೇನೋ ಸಲೀಸಾಗಿ ಆಯಿತು. ಲ್ಯಾಪ್‌ಟಾಪು, ಸಿ.ಡಿ. ಇಬ್ಬರೂ ಓರಗೆಯವರು, ಡ್ರೈವರ್ ಇಲ್ಲ, ಡಿಸ್ಕ್ ಕಾಣುತ್ತಿಲ್ಲ ಎಂಬ ತಕರಾರಿಲ್ಲ. ಸಿ.ಡಿ. ಡ್ರೈವು ಒಂದಿಷ್ಟು ಗೊರಗೊರ ಎಂದಿತು, ಪರದೆಯ ಮೇಲೆ ಆ ಆವೃತ್ತಿಯ ವಾಲ್‌ಪೇಪರಿನ ಬಕಪಕ್ಷಿ ಬಂದು ನಿಂತಿತು.

ಫಜೀತಿ ಶುರುವಾದದ್ದು ಇಂಟರ್ನೆಟ್ಟಿಗೆ ಕಾಲಿಟ್ಟ ಮೇಲೆ. ವರ್ಷಗಟ್ಟಲೆ ಬಾಳಿಕೆ ಬರಲಿ ಎಂದು ಹೊರತಂದ ಆ ಆವೃತ್ತಿಯಲ್ಲಿ ಇದ್ದ ಬ್ರೌಸರು ಫೈರ್‌ಫಾಕ್ಸ್ 3ರ ಬೀಟಾ, ಅಂದರೆ ಇನ್ನೂ ಪರೀಕ್ಷೆ ಮುಗಿಯದ್ದು. ಅದಕ್ಕೆ ಗೊತ್ತಿರುವ ಗುಪ್ತಭಾಷೆ ಟಿ.ಎಲ್.ಎಸ್. 1.0. ಈಗಿನ ತಾಣಗಳು 1.2ಕ್ಕಿಂತ ಕಡಿಮೆಯದಕ್ಕೆ ಬಾಗಿಲನ್ನೇ ತೆಗೆಯುವುದಿಲ್ಲ. ಬ್ಯಾಂಕಿನ ತಾಣವೂ ತೆರೆಯಲಿಲ್ಲ. ಒಳ್ಳೆಯದೇ ಆಯಿತು, ಭದ್ರತೆಯ ತೇಪೆ ನಿಂತುಹೋದ ಯಂತ್ರದಲ್ಲಿ ಹಣದ ವ್ಯವಹಾರ ಮಾಡಬಾರದು. ಅಪ್‌ಡೇಟಾದರೂ ಮಾಡೋಣವೆಂದರೆ ಸಾಲುಸಾಲು 404, ಅಂದರೆ ‘ಕೇಳಿದ್ದು ಇಲ್ಲಿಲ್ಲ’ ಎಂಬ ಉತ್ತರ. ಅವಧಿ ಮುಗಿದ ಆವೃತ್ತಿಗಳ ಪ್ಯಾಕೇಜುಗಳನ್ನು ಮುಖ್ಯ ಸರ್ವರಿನಿಂದ ತೆಗೆದು ‘ಓಲ್ಡ್ ರಿಲೀಸಸ್’ ಎಂಬ ಬೇರೆ ಸರ್ವರಿಗೆ ಸಾಗಿಸಿರುತ್ತಾರೆ. ಸೋರ್ಸಸ್ ಡಾಟ್ ಲಿಸ್ಟ್ ಎಂಬ ಕಡತ ತೆರೆದು ಹೊಸ ವಿಳಾಸ ಬರೆದೆ. ಪ್ಯಾಕೇಜುಗಳು ದಬದಬ ಇಳಿಯತೊಡಗಿದವು. ಡೆಸ್ಕ್‌ಟಾಪಿಗೆ 2011ರಲ್ಲಿ, ಸರ್ವರಿಗೆ 2013ರಲ್ಲಿ ಬೆಂಬಲ ನಿಲ್ಲುವವರೆಗೆ ಬಂದ ತೇಪೆಗಳೆಲ್ಲ ಅಲ್ಲಿ ಭದ್ರವಾಗಿದ್ದವು.

ಬೇಕಿದ್ದರೆ 10.04, 12.04, 14.04 ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಒಂದೇ ನೆಗೆತಕ್ಕೆ ಅವಕಾಶವಿಲ್ಲ. ಆ ಲ್ಯಾಪ್‌ಟಾಪಿನ ಮಂಡಿಯ ಶಕ್ತಿ ನೋಡಿ ನಾನು ಕೆಳಗಿನ ಮೆಟ್ಟಿಲಲ್ಲೇ ಉಳಿದೆ. ಮತ್ತೊಮ್ಮೆ ಅಪ್‌ಡೇಟ್ ಇದೆಯೇ ಎಂದು ಕೇಳಿದಾಗ, ಸಿಸ್ಟಂ ಅಪ್‌ಟುಡೇಟ್ ಆಗಿದೆ ಎಂದು ಠೀವಿಯಿಂದ ಸಾರಿತು.

ಸುಳ್ಳೇನಲ್ಲ. ಲ್ಯಾಪ್‌ಟಾಪು ಕೇಳಿದ ಸರ್ವರಿನ ಪ್ರಕಾರ ಅದು ನಿಜವೇ. ಅಪ್‌ಟುಡೇಟ್ ಆಗಿರುವುದು ಯಾರನ್ನು ಕೇಳಿದೆವು ಎಂಬುದರ ಮೇಲಿದೆ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನಾವು ನಾಲ್ಕು ಜನ ಸಿನಿಮಾ, ರಾಜಕೀಯ, ಕಾಫಿಪುಡಿ ಎಲ್ಲದರ ಬಗ್ಗೆಯೂ ಒಬ್ಬರನ್ನೊಬ್ಬರು ಕೇಳಿಕೊಂಡು ಪೂರ್ತಿ ಅಪ್‌ಟುಡೇಟ್ ಆಗಿದ್ದೇವೆ. ಅದೇ ವಿಷಯಗಳನ್ನು ಅಕ್ಕನ ಮಗನ ಹತ್ತಿರ ಎತ್ತಿದರೆ ಮಾತ್ರ 404.