ಅಕ್ಕೋರ ವರದಿ

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯನ್ನು ಆ ಸರಕಾರಿ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಅವರು ‘ಅಕ್ಕೋರು’, ಅಂದರೆ ಪಾಠ ಹೇಳುವ ಹೆಂಗಸರಿಗೆ ಉತ್ತರ ಕನ್ನಡದಲ್ಲಿ ಸಲ್ಲುವ ಮರ್ಯಾದೆಯ ಹೆಸರು. ಮರ್ಯಾದೆ ಕಾಗದದಲ್ಲಿಯೂ ಉಂಟು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಗಿ ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ ಕಣ್ಣುಬಿಟ್ಟ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅವರಿಗೆ ಸಂಬಳ ಕೊಡುವುದಿಲ್ಲ, ‘ಗೌರವಧನ’ ಕೊಡುತ್ತದೆ. ಅವರದು ಸರಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಅಮೀರ್‌ಬಿ ಎಂಬವರ ವಿರುದ್ಧ ಕರ್ನಾಟಕ ಸರಕಾರವೇ ಹೂಡಿದ್ದ ಮೇಲ್ಮನವಿಯಲ್ಲಿ ಹೇಳಿತು. ಆದರೆ ಗ್ರಾಚ್ಯುಯಿಟಿ, ಅಂದರೆ ಸೇವೆ ಮುಗಿದಾಗ ಸಲ್ಲುವ ಇಡಿಗಂಟು, ಅವರಿಗೂ ಸಲ್ಲಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ತೀರ್ಮಾನಿಸಿತು. ಅವರು ನೌಕರರು ಹೌದೋ ಅಲ್ಲವೋ ಎಂದು ದಿಲ್ಲಿಯಲ್ಲಿ ಇಷ್ಟು ಕಾಲ ಎಳೆದಾಡಿದ ಈ ಪ್ರಶ್ನೆ, ಮಾಣಿಯೊಬ್ಬ, ಎಂದರೆ ಊರ ಮಾತಿನಲ್ಲಿ ಹುಡುಗನೊಬ್ಬ, ಚಿರೇಕಲ್ಲಿನ ಮೆಟ್ಟಿಲಲ್ಲಿ ಜಾರಿ ಹಣೆ ಒಡೆದುಕೊಂಡ ಕ್ಷಣದಲ್ಲಿ ಊರಿನ ಮಟ್ಟಿಗೆ ಇತ್ಯರ್ಥವಾಗುತ್ತದೆ: ಆಗ ಅಕ್ಕೋರು ನೌಕರರಷ್ಟೇ ಅಲ್ಲ, ಇಡೀ ಸರಕಾರವೇ ಆಗಿಬಿಡುತ್ತಾರೆ.

ಮಾಣಿಗಳು ಬೀಳುವುದಕ್ಕೆ ವಿಶೇಷ ಕಾರಣ ಬೇಕಾಗಿಲ್ಲ. ಮೂರರಿಂದ ಆರು ವರ್ಷದ ದೇಹವು ನಡೆಯುವುದಕ್ಕಿಂತ ಓಡುವುದನ್ನು ಮೊದಲು ಕಲಿತಂತೆ ವರ್ತಿಸುತ್ತದೆ, ಮಳೆಗಾಲದಲ್ಲಿ ಅಂಗಳದಿಂದ ಹಿಡಿದು ಸಂಕದವರೆಗೆ, ಎಂದರೆ ಹಳ್ಳಕ್ಕೆ ಅಡ್ಡವಾಗಿ ಅಡಿಕೆ ಮರ ಹಾಕಿ ಮಾಡಿದ ಕಾಲುಸೇತುವೆಯವರೆಗೆ, ಎಲ್ಲವೂ ಪಾಚಿಗಟ್ಟಿರುತ್ತದೆ. ಬಿದ್ದದ್ದು ಒಂದೇ ಕ್ಷಣದ ವಿಷಯ. ಅದನ್ನು ತಿಳಿಸುವುದು ಇಡೀ ಮಧ್ಯಾಹ್ನದ ಕೆಲಸ.

ಗಾಯದ ಉಪಚಾರದಲ್ಲಿ ಅಕ್ಕೋರು ತಪ್ಪುವುದು ಕಡಿಮೆ. ಶುದ್ಧ ನೀರಿನಲ್ಲಿ ತೊಳೆದು, ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿದು, ತಲೆಗೆ ಪೆಟ್ಟಾದುದರಿಂದ ವಾಂತಿಯೋ ಮಂಪರೋ ಕಾಣಿಸುವುದೇ ಎಂದು ನೋಡುತ್ತಾ, ಒಂದೂವರೆ ವರ್ಷದ ಹೊತ್ತಿಗೆ ಹಾಕಿಸಬೇಕಾದ ಧನುರ್ವಾಯು ಲಸಿಕೆಯ ಬೂಸ್ಟರ್ ಈ ಮಾಣಿಗೆ ಆಗಿದೆಯೇ ಎಂಬುದನ್ನು ತಮ್ಮದೇ ಪುಸ್ತಕದಲ್ಲಿ ಹುಡುಕುತ್ತಾರೆ. ತೊಂದರೆ ಬರುವುದು ಊರಿನ ವೈದ್ಯಶಾಸ್ತ್ರದಿಂದ. ಒಬ್ಬರು ಅರಿಶಿನ, ಇನ್ನೊಬ್ಬರು ಕಾಫಿಪುಡಿ, ದಾರಿಯಲ್ಲಿ ಹೋಗುತ್ತಿದ್ದ ಮೂರನೆಯವರು ಕಮ್ಯುನಿಸ್ಟ್ ಗಿಡದ ಸೊಪ್ಪು, ಅಂದರೆ ಎಲ್ಲಿಂದಲೋ ಬಂದು ಮಲೆನಾಡಿನ ಬೇಣಗಳನ್ನೆಲ್ಲ ಆಕ್ರಮಿಸಿದ್ದರಿಂದ ಆ ಹೆಸರು ಪಡೆದ ಕಳೆಗಿಡದ ರಸ, ಹೀಗೆ ಸೂಚಿಸುತ್ತಾ ಹೋಗುವಾಗ, ಯಾವುದನ್ನೂ ಹಚ್ಚದೆ ಎಲ್ಲರಿಗೂ ಹಚ್ಚಿದಂತೆ ತೋರುವ ಕಲೆ ಅಕ್ಕೋರಿಗೆ ಮಾತ್ರ ಗೊತ್ತು.

ಅಕ್ಕೋರ ವ್ಯಕ್ತಿತ್ವ ಪೂರ್ಣವಾಗಿ ಅರಳುವುದು ಸುದ್ದಿ ಮುಟ್ಟಿಸುವಲ್ಲಿ. ತೋಟದಲ್ಲಿರುವ ತಾಯಿಗೆ ಫೋನು ಮಾಡಲು ಟವರ್ ಸಿಗುವ ದರೆಯ ಮೇಲಕ್ಕೆ ಹತ್ತಬೇಕು. ಹತ್ತುವಾಗ ಸಿದ್ಧಪಡಿಸಿಕೊಂಡ ನೇರವಾದ ವಾಕ್ಯ ಕರೆ ಹೋಗುವಷ್ಟರಲ್ಲಿ ಕರಗಿಹೋಗಿರುತ್ತದೆ. ಮಾಣಿ ಇಂದು ಊಟ ಚೆನ್ನಾಗಿ ಮಾಡಿದ, ಹಾಡನ್ನು ತಪ್ಪಿಲ್ಲದೆ ಹೇಳಿದ, ತೂಕವೂ ಕಳೆದ ತಿಂಗಳಿಗಿಂತ ಹೆಚ್ಚಿದೆ ಎಂದು ಅವರು ಆರಂಭಿಸಿದ ಕೂಡಲೇ, ಹೊಗಳಿಕೆಯ ಹಿಂದೆ ಏನೋ ಇದೆಯೆಂದು ಅನುಭವದಿಂದ ಬಲ್ಲ ತಾಯಿ, “ಅಂವ ಎಲ್ಲಿ ಬಿದ್ದ, ಅದ ಹೇಳಿ ಅಕ್ಕೋರೆ” ಎನ್ನುತ್ತಾಳೆ. ಅಜ್ಜಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಕ್ಕೋರು ದರೆ ಇಳಿಯುವಷ್ಟರಲ್ಲಿ ಆಕೆ “ತಲೆ ಒಡದು ಹೋತಡ, ಹೌದನ?” ಎನ್ನುತ್ತಾ ಅಂಗನವಾಡಿಯ ಜಗುಲಿ ಹತ್ತಿಯಾಗಿರುತ್ತದೆ. ಸುದ್ದಿ ಸೊಸೈಟಿಯ ಕಟ್ಟೆ ದಾಟುವಾಗ ಹಣೆಗೆ ಹೊಲಿಗೆ ಬಿದ್ದಿರುತ್ತದೆ, ಹಾಲಿನ ಡೇರಿಗೆ ಬರುವಾಗ ಮಾಣಿಯನ್ನು ಶಿರಸಿಯ ಪಂಡಿತ ಆಸ್ಪತ್ರೆಗೆ ಸೇರಿಸಲಾಗಿರುತ್ತದೆ, ಸಂಜೆಗೆ ಹುಬ್ಬಳ್ಳಿಯೋ ಮಣಿಪಾಲವೋ ಎಂಬ ಚರ್ಚೆ ನಡೆದಿರುತ್ತದೆ. ಅಷ್ಟರಲ್ಲಿ ಮಾಣಿ ಎರಡನೆಯ ಸಲ ಸಾರನ್ನ ಬಡಿಸಿಕೊಂಡಿರುತ್ತಾನೆ.

ಇಂಗ್ಲೆಂಡಿನಲ್ಲಿ ಮನೆಯಲ್ಲೇ ಪರರ ಮಕ್ಕಳನ್ನು ನೋಡಿಕೊಳ್ಳುವ ನೋಂದಾಯಿತ ಪಾಲಕಿಯರಿಗೂ ಇದೇ ಕಷ್ಟವಿದೆ, ಆದರೆ ಅದಕ್ಕೊಂದು ಕ್ರಮವಿದೆ: ಪ್ರತಿಯೊಂದು ಗಾಯವನ್ನೂ ಬರೆದಿಡಬೇಕು, ತಂದೆತಾಯಿಗೆ ಸಾಧ್ಯವಾದರೆ ಅದೇ ದಿನ ತಿಳಿಸಬೇಕು, ಗಂಭೀರವಾಗಿದ್ದರೆ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಗೆ ಹೆಚ್ಚೆಂದರೆ 14 ದಿನಗಳೊಳಗೆ ವರದಿ ಸಲ್ಲಿಸಬೇಕು. ಹದಿನಾಲ್ಕು ದಿನದ ಅವಧಿ ಹುಲಗೋಳದಲ್ಲಿ ನಗೆಪಾಟಲಾದೀತು. ನಮ್ಮಲ್ಲಿಯೂ ಕಾನೂನು ಮಗುವಿನ ಗಾಯವನ್ನು ಮರೆತಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯು, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಕೆಲಸದವರಲ್ಲೇ ಒಬ್ಬಾಕೆಯನ್ನು ನಿಲ್ಲಿಸಬೇಕೆಂದೂ ಅಲ್ಲಿ ಮಗುವಿಗೆ ಪೆಟ್ಟಾದರೆ ಪುಕ್ಕಟೆ ಚಿಕಿತ್ಸೆ ಸಿಗಬೇಕೆಂದೂ ವಿಧಿಸಿತು. ರಾಜ್ಯದ 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಆ ಆಲೋಚನೆಯ ಮುಂದಿನ ಮೆಟ್ಟಿಲು.

ಕೊನೆಗೆ ಮೇಲ್ವಿಚಾರಕಿಗೆ, ಅಂದರೆ ಹಲವು ಅಂಗನವಾಡಿಗಳನ್ನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿಗೆ, ಬಿಳಿ ಹಾಳೆಯಲ್ಲಿ ಬರೆಯಬೇಕಾಗುತ್ತದೆ. ಮನೆಯಲ್ಲಿ ಹವಿಗನ್ನಡವನ್ನೋ ಊರಿನ ಕನ್ನಡವನ್ನೋ ಸರಾಗವಾಗಿ ಆಡುವ ಅಕ್ಕೋರು ಪೆನ್ನು ಹಿಡಿದೊಡನೆ ಕಚೇರಿಯ ಕನ್ನಡಕ್ಕೆ ಬದಲಾಗುತ್ತಾರೆ. ಅಲ್ಲಿ ಯಾರೂ ಬೀಳುವುದಿಲ್ಲ, ಯಾರೂ ನೋಡುತ್ತಿರುವುದೂ ಇಲ್ಲ. “ಸದರಿ ಮಗುವು ತಾನಾಗಿಯೇ ಕಾಲು ಜಾರಿ ಬಿದ್ದಿರುವುದು ಕಂಡುಬಂದಿರುತ್ತದೆ” ಎಂಬ ವಾಕ್ಯದಲ್ಲಿ ‘ತಾನಾಗಿಯೇ’ ಎಂಬುದರ ಕೆಳಗೆ ಗೆರೆ ಎಳೆಯಬೇಕೆನ್ನಿಸಿದರೂ ಅವರು ಎಳೆಯುವುದಿಲ್ಲ. ಸಹಿ ಮಾಡಿ, ಹಾಳೆಯ ಫೋಟೋ ತೆಗೆದು, ಮತ್ತೆ ದರೆ ಹತ್ತಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ.

ಅಕ್ಕೋರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಇಷ್ಟೆಲ್ಲ ಮುಗಿದ ಮೇಲೆ, ಊಟದ ಕೈ ತೊಳೆದುಕೊಂಡ ಗಾಯಾಳುವೇ ತನ್ನ ಹೇಳಿಕೆ ನೀಡುವಾಗ: “ಆನು ಬಿದ್ದಿದ್ನಿಲ್ಲೆ, ಆ ಕೂಸು ದೂಡಿದ್ದು.” ಕೂಸು, ಎಂದರೆ ಹವ್ಯಕರ ಮಾತಿನಲ್ಲಿ ಹುಡುಗಿ, ಮೇಲಿನ ಮನೆಯದು. ಮೇಲಿನ ಮನೆಗೂ ಮಾಣಿಯ ಮನೆಗೂ ಸೊಪ್ಪಿನ ಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ, ಗಡಿಯ ವಿಚಾರವಾಗಿ ಶಿರಸಿಯ ನ್ಯಾಯಾಲಯದಲ್ಲಿ ವ್ಯಾಜ್ಯವಿರುವುದು ಅಕ್ಕೋರಿಗೆ ಗೊತ್ತು. ಕಳಿಸಿದ ವರದಿಯನ್ನು ಅಳಿಸಲು ಬರುತ್ತದೆಯೇ ಎಂದು ಅವರು ಸಹಾಯಕಿಯನ್ನು ಕೇಳುತ್ತಾರೆ. ಸಹಾಯಕಿಗೆ ಸರಿಯಾಗಿ ಅದೇ ಹೊತ್ತಿಗೆ ಹಿತ್ತಿಲಿನಲ್ಲಿ ತೊಳೆಯದೆ ಬಿಟ್ಟ ಪಾತ್ರೆಗಳ ನೆನಪಾಗುತ್ತದೆ.