ನಳದ ಬಿಲ್ಲಿಗೊಂದು ದಾವೆ

(ಸಿಂಧನೂರು ಬಸ್ ನಿಲ್ದಾಣದ ಎದುರಿನ ಚಾದಂಗಡಿ. ಲಿಂಗಸುಗೂರಿನ ಮಾವ, ಮಸ್ಕಿಯ ಅಳಿಯ. ನಡುವೆ ಎರಡು ಮಿರ್ಚಿ, ಎಣ್ಣೆ ಹತ್ತಿದ ಒಂದು ನೀರಿನ ಬಿಲ್ಲು.)

ಅಳಿಯ: ಮಾವಾ, ಅಮೆರಿಕಾದಾಗ ಸ್ಯಾನ್ ಡಿಯಾಗೊ ಮಂದಿ ಎಲ್ಲಾ ಕೂಡಿ ನಗರಾಡಳಿತದ ಮ್ಯಾಲೆ ಕೇಸ್ ಹಾಕಿದ್ರಂತ. ಮನೀ ನೀರಿಗೆ ಖರ್ಚಿಗಿಂತ ಹೆಚ್ಚು ರೇಟ್ ಹಚ್ಚೀರಿ ಅಂತ.

ಮಾವ: ಅವರಿಗೆ ಮೀಟರ್ ಐತಿ. ನಮ್ಮ ನಳ ಮೊದಲು ಅರ್ಧ ತಾಸು ಗಾಳಿ ಬಿಡ್ತೈತಿ. ಗಾಳಿಗೆ ಯಾವ ರೇಟ್ ಹಚ್ತಿ?

ಅಳಿಯ: ಕಾನೂನು ನಮಗೂ ಐತ್ರಿ. 2019ರ ಗ್ರಾಹಕರ ಕಾಯ್ದೆ, 35ನೇ ಕಲಂ. ಗ್ರಾಹಕರ ಆಯೋಗದ ಅಪ್ಪಣೆ ತಗೊಂಡು ಒಬ್ಬ ಎಲ್ಲಾರ ಪರವಾಗಿ ದೂರು ಕೊಡಬಹುದು.

ಮಾವ: ‘ಇದು ಕರ, ನೀ ಗ್ರಾಹಕನೇ ಅಲ್ಲ’ ಅಂದ್ರ?

ಅಳಿಯ: ಸಿವಿಲ್ ಕೋರ್ಟ್ ಐತಲ್ಲ! ಸಿವಿಲ್ ಪ್ರಕ್ರಿಯಾ ಸಂಹಿತೆ, 1ನೇ ಆದೇಶ, 8ನೇ ನಿಯಮ. ಎಲ್ಲಾರಿಗೂ ನೋಟಿಸು. ಮಂದಿ ಹೆಚ್ಚಿದ್ರ ಪೇಪರ್‌ನ್ಯಾಗ ಜಾಹೀರಾತು.

ಮಾವ: ಜಾಹೀರಾತಿನ ರೊಕ್ಕ?

ಅಳಿಯ: ದಾವೆ ಹಾಕಿದವರದು.

ಮಾವ (ಮಿರ್ಚಿ ಕೆಳಗಿಟ್ಟು): ಆ ರೊಕ್ಕಕ್ಕ ಟ್ಯಾಂಕರ್ ಬರ್ತಾವಲ್ಲೋ! ಇಲ್ಲೇ ನೋಡು, ತುಂಗಭದ್ರಾ ಎಡದಂಡೆ ಕಾಲುವಿ ಗದ್ದಿಗೆ ಹರೀತೈತಿ, ಈ ಅಂಗಡಿಗೆ ನೀರು ಕ್ಯಾನಿನ್ಯಾಗ ಬರ್ತೈತಿ. ಇರಲಿ, ಸಹಿಗೆ ಮಂದಿ?

ಅಳಿಯ: ಓಣಿ ಪೂರ್ತಿ ತಯಾರಿತ್ರಿ. ವಕೀಲರು ಬಿಲ್ ಕಟ್ಟಿದ ರಸೀದಿ ತರ್ರಿ ಅಂದ್ರು. ಒಬ್ಬೊಬ್ರೇ ಎದ್ದು ಹೋದ್ರು.

ಮಾವ: ನಿನ್ನ ರಸೀದಿ?

ಅಳಿಯ: ನಮ್ಮದು ಬಾಡಿಗಿ ಮನಿ. ನಿಮ್ಮ ಹೆಸರಿಲೆ ಹಾಕೋಣು ಅಂತ ಬಂದೆ. ನೀವು ಬಾಕಿ ಇಟ್ಟಿಲ್ಲಲ್ಲ?

ಮಾವ: ನಮ್ಮ ಬಸ್ ಬಂತು ನೋಡಪಾ.

(ಲಿಂಗಸುಗೂರು ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು.)